ಬಾಟಲಿಯೊಳಗೆ ಬಾಳೆ ಸುಮ್ನೆ ಕೂತಿದೆಯಾ? ಬಿಎಪಿ ಏರಿಸುವ ಮೊದಲು ಇದನ್ನು ನೋಡಿ

ಟಿಶ್ಯೂ ಕಲ್ಚರ್ ಬಾಟಲಿಗೆ ಬಾಳೆಯ ತುಂಡು ಹಾಕಿ ನಾಲ್ಕು ವಾರ ಆಗಿದೆ. ಬೂಷ್ಟು ಬಂದಿಲ್ಲ, ಬ್ಯಾಕ್ಟೀರಿಯಾ ಇಲ್ಲ, ಅಗರ್ ಗಟ್ಟಿಯಾಗಿಯೇ ಇದೆ, ಚಿಗುರು ಹಸಿರಾಗಿಯೂ ಇದೆ. ಆದರೆ ಹಾಕಿದ್ದು ಒಂದು, ಇರುವುದೂ ಒಂದೇ. ಪಕ್ಕದ ಟ್ರೇಯಲ್ಲಿ ಒಂದಕ್ಕೆ ಮೂರು ಬಂದಿವೆ. ಅದೇ ತಳಿ, ಅದೇ ರೂಮು, ಅದೇ ಟ್ಯೂಬ್‌ಲೈಟು. ಇಂಥ ಹೊತ್ತಲ್ಲಿ ಯಾವ ಲ್ಯಾಬಿಗೆ ಹೋದರೂ ಕೇಳುವ ಮಾತು ಒಂದೇ: "ಬಿಎಪಿ ಸ್ವಲ್ಪ ಜಾಸ್ತಿ ಮಾಡಿ ನೋಡೋಣ." ಬಿಎಪಿ ಅಂದರೆ ಚಿಗುರೊಡೆಸಲು ಹಾಕುವ ಹಾರ್ಮೋನು.

ಮಾಡಬೇಡಿ. ಕನಿಷ್ಠ ಇವತ್ತು ಮಾಡಬೇಡಿ. ಇಷ್ಟು ವರ್ಷ ಮೀಡಿಯಾ (ಬಾಟಲಿಯೊಳಗೆ ಗಿಡಕ್ಕೆ ಕೊಡುವ ಆಹಾರ) ಕಾಯಿಸಿ ನನಗೆ ಅರ್ಥವಾಗಿರುವುದು ಇಷ್ಟೇ. ಚಿಗುರು ಒಡೆಯುವುದು ನಿಂತಿತು ಅಂದರೆ ತಪ್ಪು ಸಾಮಾನ್ಯವಾಗಿ ಗೋಡೆಗೆ ಅಂಟಿಸಿದ ಪ್ರಮಾಣದ ಚಾರ್ಟಿನಲ್ಲಿ ಇರುವುದಿಲ್ಲ. ಚಾರ್ಟಿನಲ್ಲಿ ಬರೆದದ್ದು ಬಾಟಲಿಗೆ ಹೋಗಿರುವುದೇ ಇಲ್ಲ. ಇಲ್ಲವೇ ಅದರ ಜೊತೆ ಬೇರೇನೋ ಹೋಗಿರುತ್ತದೆ.

ನಾನು ಹೇಳುವುದೆಲ್ಲ ಬಾಳೆಯ ಮಾತು, ಅದರಲ್ಲೂ ಜಿ-9 (ಗ್ರ್ಯಾಂಡ್ ನೈನ್) ತಳಿ. ದಿನಾ ಕೈಯಾಡುವುದು ಅದರಲ್ಲೇ. ಏಲಕ್ಕಿ ಬಾಳೆ, ನಂಜನಗೂಡು ರಸಬಾಳೆ ಮಾಡುವವರಿಗೂ ಹುಡುಕುವ ದಾರಿ ಇದೇ, ಪ್ರಮಾಣ ಮಾತ್ರ ನಿಮ್ಮ ತಳಿಗೆ ತಕ್ಕಂತೆ.

ಯಾವ ರಾಸಾಯನಿಕ ಎಲ್ಲಿ ಕೈ ಹಾಕುತ್ತದೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇದು ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ಕತ್ತಲಲ್ಲಿ ತಡಕಾಟ.

ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ಡಿಎನ್‌ಎ ಎರಡಾಗಬೇಕು, ಆಮೇಲೆ ಕ್ರೋಮೋಸೋಮುಗಳು ಪಾಲಾಗಿ ಆಚೆ ಈಚೆ ಹೋಗಬೇಕು, ಕೊನೆಗೆ ನಡುವೆ ಒಂದು ಗೋಡೆ ಏಳಬೇಕು. ಆಕ್ಸಿನ್ ಅನ್ನುವ ಗಿಡದ ಹಾರ್ಮೋನು ಒಂದನ್ನೇ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ತಂಬಾಕಿನ ಕಾಂಡದ ತಿರುಳಿನಲ್ಲಿ ಹಿಂದೆಯೇ ನೋಡಿದ್ದಾರೆ. ಕೋಶಗಳು ಉಬ್ಬುತ್ತವೆ, ಕೆಲವು ಡಿಎನ್‌ಎಯನ್ನೂ ಎರಡು ಮಾಡಿಕೊಳ್ಳುತ್ತವೆ, ಆದರೆ ಎರಡು ಕೋಶವಾಗಿ ಒಡೆಯುವುದಿಲ್ಲ. ಒಡೆಯಲು ಇನ್ನೇನೋ ಬೇಕಿತ್ತು. ಆ ಇನ್ನೇನೋ ಸಿಕ್ಕ ಕತೆ ನಮ್ಮಂಥ ಮೀಡಿಯಾ ರೂಮಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫೋಕ್ ಸ್ಕೂಗ್ ಅವರ ಲ್ಯಾಬು. ಅಲ್ಲಿ ಕಾರ್ಲೋಸ್ ಮಿಲ್ಲರ್ ಹೆರಿಂಗ್ ಮೀನಿನ ವೀರ್ಯದಿಂದ ತೆಗೆದ ಡಿಎನ್‌ಎಯ ಒಂದು ಹಳೇ ಬಾಟಲಿ ತೆಗೆದು ಹಾಕಿದರು, ತಂಬಾಕಿನ ಕೋಶಗಳು ಒಡೆಯತೊಡಗಿದವು. ಹೊಸ ಬಾಟಲಿ ತರಿಸಿದರು, ಏನೂ ಆಗಲಿಲ್ಲ. ಆ ಹೊಸದನ್ನೇ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಹಾಕಿದರೆ ಮತ್ತೆ ಕೆಲಸ ಮಾಡಿತು. ಬಿಸಿಗೆ ಡಿಎನ್‌ಎ ಮುರಿದು ಅದರಲ್ಲಿ ಹುಟ್ಟಿದ ಪದಾರ್ಥವೇ ಕೈನೆಟಿನ್. ಇದು 1955ರ ಮಾತು. ಬಾಟಲಿ ಹಳೆಯದೋ ಹೊಸದೋ, ಆಟೋಕ್ಲೇವ್ ಆಗಿದೆಯೋ ಇಲ್ಲವೋ ಅಂತ ಕೇಳುವುದು ಅಲ್ಪ ಕೆಲಸ ಅಂದುಕೊಳ್ಳುವವರು ಇದನ್ನು ನೆನಪಿಡಲಿ.

ನಾವು ಹಾಕುವ ಬಿಎಪಿ ಅದೇ ಕೈನೆಟಿನ್‌ನ ಬಳಗ, ಸೈಟೊಕೈನಿನ್. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತೋರಿಸಿದ್ದು ನಮ್ಮ ಕಸುಬಿನ ಅಡಿಪಾಯ. ಸೈಟೊಕೈನಿನ್ ಕಡೆ ತಕ್ಕಡಿ ವಾಲಿದರೆ ಚಿಗುರು, ಆಕ್ಸಿನ್ ಕಡೆ ವಾಲಿದರೆ ಬೇರು, ನಡುವೆ ನಿಂತರೆ ಕ್ಯಾಲಸ್, ಅಂದರೆ ರೂಪವಿಲ್ಲದ ಕೋಶಗಳ ಗಂಟು. ನಾವು ದಿನಾ ಮಾಡುವ ಎಂಎಸ್ ಮೀಡಿಯಾ ಮುರಾಶಿಗೆ ಮತ್ತು ಇದೇ ಸ್ಕೂಗ್ 1962ರಲ್ಲಿ ಬರೆದಿಟ್ಟದ್ದು. ಕೋಶದ ಒಳಗೆ ಏನು ನಡೆಯುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಸೈಟೊಕೈನಿನ್ ತಗುಲಿದರೆ ಸೈಕ್ಲಿನ್ ಡಿ3 ಅನ್ನುವ ಪ್ರೋಟೀನ್ ಜಾಸ್ತಿಯಾಗುತ್ತದೆ, ಅದು ಕೋಶವನ್ನು ವಿಭಜನೆಯ ಕಡೆಗೆ ತಳ್ಳುತ್ತದೆ ಅಂತ 1999ರಲ್ಲಿ ಅರಾಬಿಡಾಪ್ಸಿಸ್ ಗಿಡದಲ್ಲಿ ತೋರಿಸಿದರು.

ಇನ್ನೊಂದು ಗುಂಪಿದೆ. ಅವು ಕೋಶವನ್ನು ತಳ್ಳುವುದಿಲ್ಲ, ನಡುದಾರಿಯಲ್ಲಿ ಹಿಡಿದು ನಿಲ್ಲಿಸುತ್ತವೆ. ಕಾಲ್ಚಿಸಿನ್ ಅದರಲ್ಲಿ ಹೆಸರುವಾಸಿ. ನಮ್ಮ ಬೇಲಿ ಮೇಲೆ ಬೆಂಕಿ ಬಣ್ಣದಲ್ಲಿ ಅರಳುವ ಗೌರಿ ಹೂವಿದೆಯಲ್ಲ, ಅದರ ಗಡ್ಡೆ ಬೀಜದಲ್ಲೂ ಇದೆ. ಕ್ರೋಮೋಸೋಮುಗಳನ್ನು ಎಳೆಯುವ ನೂಲುಗಳನ್ನೇ ಇದು ಕಟ್ಟಗೊಡುವುದಿಲ್ಲ. ಕ್ರೋಮೋಸೋಮು ಎರಡಾಗಿರುತ್ತದೆ, ಎಳೆಯುವವರಿಲ್ಲ. ಈರುಳ್ಳಿ, ಶೇಂಗಾ ಹೊಲಕ್ಕೆ ಹೊಡೆಯುವ ಪೆಂಡಿಮೆಥಾಲಿನ್ ಕಳೆನಾಶಕವೂ ಇದೇ ನೂಲಿಗೇ ಕೈ ಹಾಕುತ್ತದೆ.

ಹಾಗಾಗಿ 'ಬೆಳೀತಿಲ್ಲ' ಅಂದರೆ ಮೂರರಲ್ಲಿ ಒಂದು. ತಳ್ಳುವುದು ಕಡಿಮೆಯಾಗಿದೆ, ತಳ್ಳುವುದು ಅತಿಯಾಗಿದೆ, ಅಥವಾ ಯಾರೋ ಹಿಡಿದುಕೊಂಡಿದ್ದಾರೆ. ಎರಡನೆಯದಕ್ಕೂ ಮೂರನೆಯದಕ್ಕೂ ಬಿಎಪಿ ಏರಿಸಿದರೆ ಉರಿಯುವ ಬೆಂಕಿಗೆ ತುಪ್ಪ.

ನಮ್ಮ ಫ್ರಿಜ್ಜಿನ ಬಾಟಲಿ

ಇದು ನನ್ನದೇ ತಪ್ಪು. ಒಂದು ಮಳೆಗಾಲ, ಬೇಡಿಕೆ ಜೋರಾಗಿದ್ದ ಕಾಲ. ಹದಿನೈದು ದಿನ ನಡೆಯಲಿ ಅಂತ ಬಿಎಪಿ ಸ್ಟಾಕ್ (ಮೀಡಿಯಾಗೆ ಅಳೆದು ಬೆರೆಸುವ ಗಟ್ಟಿ ದ್ರಾವಣ) ಮಾಡಿಟ್ಟಿದ್ದೆ. ಮಿಲಿಲೀಟರಿಗೆ 1 ಮಿ.ಗ್ರಾಂ, ಎಲ್ಲರೂ ಮಾಡುವ ಹಾಗೆ. ಒಂದು ತಿಂಗಳ ನಂತರ ಲ್ಯಾಮಿನಾರ್‌ನಲ್ಲಿ (ತುಂಡು ಕತ್ತರಿಸುವ ಶುದ್ಧ ಗಾಳಿಯ ಮೇಜು) ಕೂರುವ ಅಕ್ಕ ಕರೆದು ಎರಡು ಟ್ರೇ ತೋರಿಸಿದರು. "ಸರ್, ಇವು ಮಲಗಿಬಿಟ್ಟಿವೆ. ಅವು ನೋಡಿ, ಹೂಕೋಸಾಗಿವೆ. ಮೀಡಿಯಾ ಒಂದೇ ಅಲ್ವಾ?"

"ಒಂದೇ ಅಕ್ಕಾ, ನಾನೇ ಮಾಡಿದ್ದು" ಅಂದೆ. ಅಷ್ಟು ಧೈರ್ಯವಾಗಿ ಹೇಳಬಾರದಿತ್ತು.

ಅವರು ಸುಮ್ಮನಾಗಲಿಲ್ಲ. ಟ್ರೇಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಇಟ್ಟರು. ಆಗ ಕಂಡಿತು. ಸ್ಟಾಕ್ ಬಾಟಲಿ ತುಂಬಿದ್ದಾಗ ಮಾಡಿದ ಮೀಡಿಯಾದಲ್ಲೆಲ್ಲ ಚಿಗುರು ಮಲಗಿವೆ, ನಡುವಿನವು ಪರವಾಗಿಲ್ಲ, ಬಾಟಲಿ ಮುಗಿಯುತ್ತ ಬಂದಾಗ ಮಾಡಿದ ಕೊನೆಯ ಎರಡು ಬ್ಯಾಚು ಮಾತ್ರ ಹೂಕೋಸು. ಫ್ರಿಜ್ಜಿನಿಂದ ಅದರ ನಂತರದ ಸ್ಟಾಕ್ ಬಾಟಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಮೇಲೆ ನೀರು ತಿಳಿಯಾಗಿದೆ. ತಳದಲ್ಲಿ ಹಾಲಿನ ಪುಡಿ ಕರಗದೆ ಕೂತ ಹಾಗೆ ಬಿಳಿ ಪದರ, ಅಲುಗಿಸಿದರೆ ಸಣ್ಣ ಹೊಳೆಯುವ ಹರಳುಗಳು ಎದ್ದು ಮತ್ತೆ ನಿಧಾನಕ್ಕೆ ಇಳಿಯುತ್ತವೆ. ಆ ಹರಳೇ ಬಿಎಪಿ. ದಿನಾ ಮೇಲಿನ ತಿಳಿಯನ್ನು ಪಿಪೆಟ್‌ನಲ್ಲಿ ಎಳೆದು ಹಾಕಿದ್ದೇನೆ, ಕೊನೆಗೆ ತಳದ ಗಸಿಯನ್ನು.

ಕಾರಣ ಸರಳ. ಬಿಎಪಿ ಬರೀ ನೀರಿನಲ್ಲಿ ಕರಗುವುದು ತೀರಾ ಕಮ್ಮಿ. ನಾವು ಅದನ್ನು ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ ಆಮೇಲೆ ನೀರು ಸೇರಿಸುತ್ತೇವೆ. ಕ್ಷಾರ ಜಿಪುಣತನದಿಂದ ಹಾಕಿದರೆ, ಅಥವಾ ನೀರನ್ನು ಒಂದೇ ಸಲ ಸುರಿದರೆ, ಅಲ್ಲಿಗೆ ಹರಳು ಕಟ್ಟಲು ಶುರು. ಫ್ರಿಜ್ಜಿನ ತಂಪು ಉಳಿದ ಕೆಲಸ ಮುಗಿಸುತ್ತದೆ. ನಾನು ಅವತ್ತು ಅವಸರದಲ್ಲಿ ಪುಡಿ 'ಕರಗಿದ ಹಾಗೆ' ಕಂಡ ಕೂಡಲೇ ನೀರು ತುಂಬಿಸಿದ್ದೆ.

ಈಗ ಮಾಡುವುದು ಹೀಗೆ. 100 ಮಿ.ಗ್ರಾಂ ಪುಡಿ ಸಣ್ಣ ಬೀಕರಿಗೆ. 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಒಂದೊಂದೇ ಮಿಲಿಲೀಟರ್ ಹಾಕುತ್ತ ಅಲ್ಲಾಡಿಸುವುದು, ಒಂದು ಕಣವೂ ಕಾಣದ ತನಕ. ಸಾಮಾನ್ಯವಾಗಿ ಕೆಲವೇ ಮಿಲಿಲೀಟರ್ ಸಾಕು, ಬೇಕಾದರೆ ಬೆಚ್ಚಗಿನ ನೀರಿನಲ್ಲಿ ಬೀಕರ್ ಇಡಬಹುದು. ಆಮೇಲೆ ಸ್ಟರರ್ ತಿರುಗುತ್ತಿರುವಾಗಲೇ ನೀರನ್ನು ಸಣ್ಣ ಧಾರೆಯಾಗಿ ಬಿಟ್ಟು 100 ಮಿಲಿಲೀಟರಿಗೆ ತರುವುದು. ಫ್ರಿಜ್ಜಿನಿಂದ ತೆಗೆದಾಗಲೆಲ್ಲ ರೂಮಿನ ಬಿಸಿಗೆ ಬರಲು ಬಿಟ್ಟು, ಬೆಳಕಿಗೆ ಹಿಡಿದು, ಅಲುಗಿಸಿ, ಆಮೇಲೆ ಪಿಪೆಟ್. ಹರಳು ಕಂಡರೆ ಬೆಚ್ಚಗೆ ಮಾಡಿ ಕರಗಿಸಿ, ಕರಗದಿದ್ದರೆ ಚೆಲ್ಲಿ ಹೊಸದು ಮಾಡಿ. ಸೋಸಿ ಮಾತ್ರ ಬಳಸಬೇಡಿ. ಸೋಸುಕಾಗದದ ಮೇಲೆ ಉಳಿಯುವುದು ಕಸವಲ್ಲ, ನಿಮ್ಮ ಬಿಎಪಿ.

ಬಾಟಲಿ ಏನು ಹೇಳುತ್ತಿದೆ

ಹಸಿರಾಗಿದೆ, ಆದರೆ ಒಂದೇ ಚಿಗುರು ಉದ್ದವಾಗುತ್ತಿದೆ, ಕೆಳಗೆ ಬೇರೂ ಇಣುಕುತ್ತಿದೆ. ಇದು ಸೈಟೊಕೈನಿನ್ ಕಡಿಮೆ ಅನ್ನುವ ಸ್ಪಷ್ಟ ಸುದ್ದಿ. ಬಾಳೆಗೆ ಸಾಮಾನ್ಯವಾಗಿ ಲೀಟರಿಗೆ 3ರಿಂದ 5 ಮಿ.ಗ್ರಾಂ ಬಿಎಪಿ ಹಾಕುವ ಮೀಡಿಯಾದಲ್ಲಿ ಬೇರು ಬರುತ್ತಿದ್ದರೆ ಅಷ್ಟು ಬಿಎಪಿ ಅಲ್ಲಿ ಇಲ್ಲ ಅಂತಲೇ ಅರ್ಥ. ಮೊದಲು ಸ್ಟಾಕ್ ನೋಡಿ. ಆಮೇಲೆ ತಕ್ಕಡಿ. ಮೂರು ದಶಾಂಶದ ತಕ್ಕಡಿಯಲ್ಲಿ 5 ಮಿ.ಗ್ರಾಂ ತೂಗುವುದು ಅಕ್ಕಿ ತೂಗುವ ತಕ್ಕಡಿಯಲ್ಲಿ ಕೇಸರಿ ತೂಗಿದ ಹಾಗೆ, ಫ್ಯಾನ್ ಗಾಳಿಗೇ ಮುಳ್ಳು ಓಡಾಡುತ್ತದೆ. ಯಾವಾಗಲೂ 100 ಮಿ.ಗ್ರಾಂ ತೂಗಿ ಸ್ಟಾಕ್ ಮಾಡಿ. ಮೂರನೆಯದು ಇದ್ದಿಲು. ಕಪ್ಪು ಕಟ್ಟದಿರಲಿ ಅಂತ ಯಾರೋ ಒಳ್ಳೆಯ ಮನಸ್ಸಿನಿಂದ ಚಿಗುರೊಡೆಸುವ ಮೀಡಿಯಾಗೂ ಸಕ್ರಿಯ ಇದ್ದಿಲಿನ ಪುಡಿ ಹಾಕಿರುತ್ತಾರೆ. ಇದ್ದಿಲು ಕಪ್ಪನ್ನೂ ಹೀರುತ್ತದೆ, ಬಿಎಪಿಯನ್ನೂ ಹೀರುತ್ತದೆ. ಅದಕ್ಕೆ ಭೇದಭಾವ ಇಲ್ಲ.

ಹೂಕೋಸು, ಅಂದರೆ ಬುಡದಲ್ಲಿ ಸಣ್ಣ ಸಣ್ಣ ಮೊಗ್ಗುಗಳ ಗುಪ್ಪೆ, ಎಲೆ ಬಿಡಿಸಿಕೊಳ್ಳುವುದಿಲ್ಲ, ಉದ್ದವಾಗುವುದಿಲ್ಲ. ಎಣಿಸಿದರೆ ಖುಷಿ, ಮಾರಲು ಆಗದು. ಇದು ಅತಿಯಾದ ಸೈಟೊಕೈನಿನ್. ಇಲ್ಲಿ ಒಂದು ಲೆಕ್ಕದ ತಪ್ಪು ಪದೇ ಪದೇ ಆಗುತ್ತದೆ. ಪ್ರಬಂಧಗಳಲ್ಲಿ ಮೈಕ್ರೊಮೋಲಾರ್‌ನಲ್ಲಿ ಬರೆದಿರುತ್ತಾರೆ, ಹೊಸದಾಗಿ ಸೇರಿದವರು ಅದನ್ನು ಮಿ.ಗ್ರಾಂ ಅಂತ ಓದಿಬಿಡುತ್ತಾರೆ. ಬಿಎಪಿಯ ಅಣುತೂಕ 225.25. ಅಂದರೆ 1 ಮೈಕ್ರೊಮೋಲಾರ್ ಅಂದರೆ ಲೀಟರಿಗೆ 0.225 ಮಿ.ಗ್ರಾಂ. 22.2 ಮೈಕ್ರೊಮೋಲಾರ್ ಅಂದರೆ 5 ಮಿ.ಗ್ರಾಂ, 22 ಮಿ.ಗ್ರಾಂ ಅಲ್ಲ! ಟಿಡಿಝಡ್ (ಥಿಡಿಯಾಜುರಾನ್, ಬಿಎಪಿಯ ಹಾಗೆ ಕೆಲಸ ಮಾಡುವ ಇನ್ನೊಂದು ರಾಸಾಯನಿಕ) ಬಳಸುವವರು ಇನ್ನೂ ಹುಷಾರಾಗಿರಬೇಕು. ಅದು ಮೊದಲು ಬಂದದ್ದೇ ಹತ್ತಿ ಗಿಡದ ಎಲೆ ಉದುರಿಸುವ ಔಷಧಿಯಾಗಿ. ಅದು ಚಿಟಿಕೆಯ ಚಿಟಿಕೆಯಲ್ಲಿ ಕೆಲಸ ಮಾಡುತ್ತದೆ, ಗಿಡ ಅದನ್ನು ಬೇಗ ಮುರಿದು ಹಾಕಲಾರದು. ಬಿಎಪಿ ಪ್ರಮಾಣದಲ್ಲಿ ಟಿಡಿಝಡ್ ಹಾಕಿದರೆ ಆ ಬ್ಯಾಚಿನ ಆಸೆ ಬಿಡಿ.

ಹೂಕೋಸು ಆದದ್ದನ್ನೆಲ್ಲ ಎಸೆಯಬೇಕಿಲ್ಲ. ಗುಪ್ಪೆಯನ್ನು ದೊಡ್ಡ ತುಂಡುಗಳಾಗಿ ಕತ್ತರಿಸಿ, ಹಾರ್ಮೋನೇ ಇಲ್ಲದ ಅಥವಾ ತೀರಾ ಕಡಿಮೆ ಬಿಎಪಿ ಇರುವ ಎಂಎಸ್‌ನಲ್ಲಿ ಒಂದು ಸುತ್ತು (ಹೊಸ ಮೀಡಿಯಾಗೆ ದಾಟಿಸಿ ಬೆಳೆಸುವ ಒಂದು ಸರದಿ) ಓಡಿಸಿ, ನಿಧಾನಕ್ಕೆ ಉದ್ದವಾಗುತ್ತವೆ. ಆದರೆ ಅವನ್ನು ತಾಯಿ ಸಾಲಾಗಿ ಇಟ್ಟುಕೊಂಡು ಮತ್ತೆ ಮತ್ತೆ ಒಡೆಸಬೇಡಿ. ಬಾಳೆಯಲ್ಲಿ ಕುಳ್ಳ ಗಿಡ, ದಪ್ಪ ಒರಟು ಎಲೆಯ ಗಿಡ, ಇಂಥ ತಳಿ ತಪ್ಪಿದವು ಹೊರಬೀಳುವುದು ಜಾಸ್ತಿ ಸುತ್ತು ತಿರುಗಿಸಿದಾಗ, ಜಾಸ್ತಿ ಹಾರ್ಮೋನು ಉಣ್ಣಿಸಿದಾಗ. ನಾವು ಎಂಟು ಸುತ್ತಿಗೆ ನಿಲ್ಲಿಸುತ್ತೇವೆ. ಬಾಟಲಿಯಲ್ಲಿ ತಿಳಿಯುವುದಿಲ್ಲ, ರೈತರ ತೋಟದಲ್ಲಿ ಐದು ತಿಂಗಳಾದ ಮೇಲೆ ತಿಳಿಯುತ್ತದೆ. ಆಗ ಫೋನು ಬರುತ್ತದೆ.

ಬುಡದಲ್ಲಿ ಮೊಗ್ಗಿನ ಬದಲು ಹಳದಿ-ಬಿಳಿ ಗಂಟು, ಒತ್ತಿದರೆ ಪುಡಿಯಾಗುವಂಥದ್ದು, ಅಂದರೆ ಕ್ಯಾಲಸ್. ಎಲ್ಲಿಂದಲೋ ಆಕ್ಸಿನ್ ಬಂದಿದೆ. ಅನುಮಾನ ಮೊದಲು 2,4-ಡಿ ಮೇಲೆ. ಕಬ್ಬಿನ ಗದ್ದೆಗೆ ಹೊಡೆಯುವ ಅದೇ ಕಳೆನಾಶಕ, ಲ್ಯಾಬಿನಲ್ಲಿ ಕ್ಯಾಲಸ್ ಮಾಡಲು ಬೇಕಾಗುತ್ತದೆ. ಗಿಡದ್ದೇ ಆಕ್ಸಿನ್ ಆದ ಐಎಎಯನ್ನು ಗಿಡ ಮುರಿಯುತ್ತದೆ, ಬೆಳಕಿಗೂ ಹಾಳಾಗುತ್ತದೆ. 2,4-ಡಿ ಹಾಗಲ್ಲ, ಜಿಗಣೆ. ಅದಕ್ಕೆ ಬಳಸಿದ ಪಿಪೆಟ್ಟು, ಅಳತೆ ಜಾಡಿ, ಚಮಚ ಬೇರೆಯೇ ಇರಲಿ, ಕೆಂಪು ಟೇಪು ಸುತ್ತಿಡಿ. ನಮ್ಮಲ್ಲಿ ಎನ್‌ಎಎ (ಇನ್ನೊಂದು ಆಕ್ಸಿನ್) ಡಬ್ಬಿಯೂ 2,4-ಡಿ ಡಬ್ಬಿಯೂ ಒಂದೇ ಕಂಪನಿಯ ಒಂದೇ ಅಳತೆಯ ಬಿಳಿ ಡಬ್ಬಿಗಳು, ಒಂದೇ ಕಪಾಟಿನಲ್ಲಿದ್ದವು. ಒಂದನ್ನು ಇನ್ನೊಂದು ಕೋಣೆಗೆ ಸಾಗಿಸಿದ್ದೇ ನಾನು ಈವರೆಗೆ ಮಾಡಿದ ಅತಿ ಅಗ್ಗದ ರಿಪೇರಿ.

ಗಾಜಿನ ಹಾಗೆ ನೀರು ತುಂಬಿದ, ಮುಟ್ಟಿದರೆ ಪಟ್ ಅಂತ ಮುರಿಯುವ ಎಲೆ. ಬಿಎಪಿ ಜಾಸ್ತಿ, ಅಗರ್ ಕಮ್ಮಿ, ಮುಚ್ಚಳ ತೀರಾ ಬಿಗಿ, ಇವುಗಳಲ್ಲಿ ಯಾವುದೂ ಆಗಬಹುದು. ಬಿಗಿ ಮುಚ್ಚಳದೊಳಗೆ ಎಥಿಲೀನ್ ಅನಿಲವೂ ಕೂಡಿಕೊಳ್ಳುತ್ತದೆ. ಮುಚ್ಚಳ ಬದಲಿಸಿ ನೋಡುವುದು ಸುಲಭ, ಅದನ್ನೇ ಮೊದಲು ಮಾಡಿ.

ಇನ್ನು ಕಪ್ಪು ಕಟ್ಟುವುದು. ಬಾಳೆ ಕಂದು ಕಂದು ಬಣ್ಣಕ್ಕೆ ತಿರುಗುವುದು ಅಂತ ನಮ್ಮಲ್ಲಿ ತಮಾಷೆ ಮಾಡುತ್ತಾರೆ. ಕತ್ತರಿಸಿದ ಜಾಗದಿಂದ ಫೀನಾಲ್ ಸುರಿದು ಗಾಳಿಗೆ ಕಪ್ಪಾಗುತ್ತದೆ. ಮೊದಲ ಸುತ್ತಿನಲ್ಲಿ ಇದು ಮಾಮೂಲು. ಕತ್ತರಿಸಿದ ತುಂಡನ್ನು ಆಸ್ಕಾರ್ಬಿಕ್ ಆಮ್ಲ, ಸಿಟ್ರಿಕ್ ಆಮ್ಲದ ನೀರಿನಲ್ಲಿ ಇಡುವುದು, ವಾರದೊಳಗೆ ಹೊಸ ಮೀಡಿಯಾಗೆ ದಾಟಿಸುವುದು, ಇಷ್ಟಕ್ಕೆ ಹತೋಟಿಗೆ ಬರುತ್ತದೆ. ಆದರೆ ಅಂಚಿನಿಂದಲ್ಲದೆ ಇಡೀ ತುಂಡು ಒಂದೇ ಸಮ ಸತ್ತು ಬೆಂದ ಹಾಗೆ ಕಂಡರೆ ಅದು ಫೀನಾಲ್ ಅಲ್ಲ, ತುಂಡಿನ ಮೇಲಿನ ಸೂಕ್ಷ್ಮಜೀವಿ ಕೊಲ್ಲಲು ಬಳಸಿದ ಮರ್ಕ್ಯುರಿಕ್ ಕ್ಲೋರೈಡ್. ತೊಳೆದದ್ದು ಸಾಲದು. ಸ್ಟೆರೈಲ್ ನೀರಿನಲ್ಲಿ ನಾಲ್ಕೈದು ಸಲ, ಪ್ರತಿ ಸಲ ಐದು ನಿಮಿಷ ಬಿಟ್ಟು ತೊಳೆಯಬೇಕು. ಆ ನೀರನ್ನು ಸಿಂಕಿಗೆ ಸುರಿಯಬೇಡಿ, ಪಾದರಸ ಅದು. ಬೇರೆ ಕ್ಯಾನಿನಲ್ಲಿ ಕೂಡಿಡಿ.

ಉಪ್ಪಿನ ಕಡೆಯೂ ಒಂದು ಕಣ್ಣು

ಹಾರ್ಮೋನನ್ನೇ ದೂರುತ್ತ ಕೂತರೆ ಇದು ತಪ್ಪಿಹೋಗುತ್ತದೆ. ಡಬ್ಬಿ ಮೇಲೆ ನೀರಿನ ಅಣು ಎಷ್ಟು ಅಂತ ಓದಿ. ಎಂಎಸ್‌ಗೆ ಲೀಟರಿಗೆ ಎರಡು ನೀರಿನ ಕ್ಯಾಲ್ಸಿಯಂ ಕ್ಲೋರೈಡ್ ಆದರೆ 440 ಮಿ.ಗ್ರಾಂ, ನೀರಿಲ್ಲದ್ದಾದರೆ 332. ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ 370, ನೀರಿಲ್ಲದ್ದು 181ರ ಹತ್ತಿರ. ಸ್ಟೋರಿನವರು ಒಂದರ ಬದಲು ಇನ್ನೊಂದು ತಂದರೆ ಮೆಗ್ನೀಸಿಯಂ ನೇರ ಅರ್ಧ ಅಥವಾ ಎರಡರಷ್ಟು. ಇಡೀ ರ‍್ಯಾಕಿನ ಹೊಸ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಕಂಡರೆ ಕಬ್ಬಿಣದ ಸ್ಟಾಕ್ ತೆಗೆದು ನೋಡಿ. ತಳದಲ್ಲಿ ತುಕ್ಕಿನ ಬಣ್ಣ ಕೂತಿರುತ್ತದೆ. 27.8 ಮಿ.ಗ್ರಾಂ ಫೆರಸ್ ಸಲ್ಫೇಟಿಗೆ 37.3 ಮಿ.ಗ್ರಾಂ ಸೋಡಿಯಂ ಇಡಿಟಿಎ, ಬಿಸಿಯಲ್ಲಿ ಬೆರೆಸಿ ಕಂದು ಗಾಜಿನ ಬಾಟಲಿಯಲ್ಲಿ.

ಆಟೋಕ್ಲೇವ್ 121 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಕರೆಂಟ್ ಹೋಗಿ ಬಂತು ಅಂತ ಎರಡೆರಡು ಸಲ ಬೇಯಿಸಿದರೆ ಸಕ್ಕರೆ ಒಡೆಯುತ್ತದೆ, ಪಿಎಚ್ ಇಳಿಯುತ್ತದೆ, ಮೀಡಿಯಾ ಚಹಾದ ಬಣ್ಣಕ್ಕೆ ತಿರುಗುತ್ತದೆ, ಅಗರ್ ಗಂಜಿಯಾಗುತ್ತದೆ. ಬಿಎಪಿ, ಎನ್‌ಎಎ, 2,4-ಡಿ ಬಿಸಿಗೆ ಅಂಜುವುದಿಲ್ಲ. ಐಎಎ ಸ್ವಲ್ಪ ಹೋಗುತ್ತದೆ, ಜಿಎ3 (ಜಿಬ್ಬೆರೆಲಿನ್ ಹಾರ್ಮೋನು) ಹಾಕುವುದಾದರೆ ಫಿಲ್ಟರ್ ಮಾಡಿ ಆಮೇಲೆ ಸೇರಿಸಿ.

ಬೂಷ್ಟಿಗೆ ಅಂತ ಕಾರ್ಬೆಂಡಜಿಮ್ ಮೀಡಿಯಾಗೇ ಬೆರೆಸುವ ಅಭ್ಯಾಸ ಕೆಲವರಿಗಿದೆ. ಅದು ಬೂಷ್ಟಿನ ಕೋಶದಲ್ಲಿ ನಾನು ಹೇಳಿದ ನೂಲನ್ನೇ ಕೆಡಿಸಿ ಕೊಲ್ಲುತ್ತದೆ. ಗಿಡಕ್ಕೆ ಅಷ್ಟು ತಾಗದು ನಿಜ, ಆದರೆ ಹಲವು ಗಿಡಗಳಲ್ಲಿ ಅದು ಸೈಟೊಕೈನಿನ್ ಥರ ವರ್ತಿಸುವುದನ್ನು ನೋಡಿದ್ದಾರೆ. ಹಾಗಾಗಿ ಅದನ್ನು ಹಾಕಿಕೊಂಡು ಬಿಎಪಿಯ ಲೆಕ್ಕ ಹುಡುಕುವುದು ವ್ಯರ್ಥ. ಮೊದಲು ಅದನ್ನು ನಿಲ್ಲಿಸಿ.

ನಾಲ್ಕು ಸಾಲು ಇಡಿ

ನೋಡಿದ್ದರಿಂದ ಗೊತ್ತಾಗದಿದ್ದರೆ ಪರೀಕ್ಷೆಗೆ ಇಳಿಯಲೇಬೇಕು. ಒಂದೇ ತಾಯಿ ಗುಪ್ಪೆಯಿಂದ, ಒಬ್ಬರೇ ಕೈಯಿಂದ, ಒಂದೇ ದಿನ ಕತ್ತರಿಸಿದ ತುಂಡುಗಳು ಬೇಕು. ಮೊದಲ ಸಾಲು ಈಗ ಓಡುತ್ತಿರುವ ಎಲ್ಲ ಹಳೇ ಸ್ಟಾಕುಗಳದ್ದು. ಎರಡನೆಯದರಲ್ಲಿ ಬಿಎಪಿ ಮಾತ್ರ ಹೊಸದು. ಮೂರನೆಯದರಲ್ಲಿ ಉಪ್ಪುಗಳು ಮಾತ್ರ ಹೊಸವು, ಬಿಎಪಿ ಹಳೆಯದು. ನಾಲ್ಕನೆಯದರಲ್ಲಿ ಎಲ್ಲ ಹೊಸದು, ನೀರು ಕೂಡ ಹೊರಗಿನಿಂದ ತಂದ ಡಿಸ್ಟಿಲ್ಡ್ ನೀರು, ಬಾಟಲಿಗಳೂ ಹೊಸವು. ಸಾಲಿಗೆ ಹತ್ತು ಬಾಟಲಿಗಿಂತ ಕಮ್ಮಿ ಬೇಡ, ಬಾಳೆ ತುಂಡುಗಳ ಸ್ವಭಾವ ಒಂದರ ಹಾಗೆ ಒಂದಿರುವುದಿಲ್ಲ. ನಾಲ್ಕು ವಾರ ಕಾಯಿರಿ. ಮಾಲೀಕರು ಎರಡನೇ ವಾರಕ್ಕೇ ಕೇಳುತ್ತಾರೆ, ಆದರೂ ಕಾಯಿರಿ.

ಎರಡನೇ ಸಾಲು ಎದ್ದಿತು ಅಂದರೆ ಬಿಎಪಿ ಸ್ಟಾಕ್. ಮೂರನೆಯದು ಎದ್ದರೆ ಉಪ್ಪು. ನಾಲ್ಕನೆಯದು ಮಾತ್ರ ಎದ್ದರೆ ನೀರು ಅಥವಾ ಬಾಟಲಿ ತೊಳೆಯುವ ಜಾಗ. ನಾಲ್ಕೂ ಮಲಗಿದ್ದರೆ ಗುಪ್ಪೆಯೇ ಸೋತಿದೆ: ಸುತ್ತು ಜಾಸ್ತಿಯಾಗಿದೆ, ಅಥವಾ ಒಳಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಕೂತಿದೆ. ಹೊಸ ಕಂದು ತರಬೇಕು.

ಇದರಲ್ಲಿ ಯಾವ ಸಾಲಿನಲ್ಲೂ ಬಿಎಪಿ ಪ್ರಮಾಣ ಬದಲಿಸಿಲ್ಲ, ಗಮನಿಸಿ. ಬದಲಿಸಿದರೆ ಯಾವುದರಿಂದ ಎದ್ದಿತು ಅಂತ ಜನ್ಮದಲ್ಲಿ ಗೊತ್ತಾಗದು.

ನಾಲ್ಕು ವಾರ ಕಾಯಲು ಆಗದಿದ್ದರೆ ಈರುಳ್ಳಿ

ನೀರಿನ ಮೇಲೆ, ಬಾಟಲಿ ತೊಳೆದ ಸೋಪಿನ ಮೇಲೆ ಅನುಮಾನ ಇದ್ದರೆ ಈರುಳ್ಳಿ ಮೂರು ದಿನದಲ್ಲಿ ಹೇಳುತ್ತದೆ. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಕಾಲ್ಚಿಸಿನ್ ಏನು ಮಾಡುತ್ತದೆ ಅಂತ ನೋಡಿದ್ದು ಈರುಳ್ಳಿ ಬೇರಿನಲ್ಲೇ. ಸಣ್ಣ ಗಾತ್ರದ ಈರುಳ್ಳಿ ತನ್ನಿ. ಒಣಗಿದ ಹಳೇ ಬೇರನ್ನು ಕೆರೆದು, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಲೋಟದ ಬಾಯಿಗೆ ಕೂರಿಸಿ. ಐದು ಲೋಟದಲ್ಲಿ ನಂಬಿಕೆಯ ನೀರು, ಐದರಲ್ಲಿ ಅನುಮಾನದ ನೀರು. ತೊಳೆದ ಬಾಟಲಿಯ ಮೇಲೆ ಅನುಮಾನವಾದರೆ ಅದರಲ್ಲಿ ನಂಬಿಕೆಯ ನೀರು ತುಂಬಿ ರಾತ್ರಿಯಿಡೀ ಬಿಟ್ಟು, ಆ ನೀರನ್ನು ಬಳಸಿ. ದಿನಾ ನೀರು ಬದಲಿಸಿ. ಎರಡು ಮೂರು ದಿನಕ್ಕೆ ಬಿಳಿ ಬೇರು ಇಳಿಯುತ್ತವೆ, ಸ್ಕೇಲ್ ಇಟ್ಟು ಅಳೆಯಿರಿ. 2,4-ಡಿ ಚೂರೇ ಚೂರು ಉಳಿದಿದ್ದರೂ ಬೇರು ಮೊಟಕಾಗುತ್ತದೆ. ತುದಿ ಗದೆಯ ಹಾಗೆ ಊದಿದ್ದರೆ ಆ ನೂಲು ಕೆಡಿಸುವ ಗುಂಪಿನದು ಏನೋ ಸೇರಿದೆ.

ಮೈಕ್ರೋಸ್ಕೋಪ್ ಇದ್ದರೆ ಒಂದು ಹೆಜ್ಜೆ ಮುಂದೆ ಹೋಗಬಹುದು. ಬೇರಿನ ತುದಿಯನ್ನು ಬೆಳಗಿನ ಹೊತ್ತು ಕತ್ತರಿಸಿ, ಮೂರು ಪಾಲು ಆಲ್ಕೋಹಾಲ್ ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ಒಂದು ದಿನ ಬಿಡಿ. ಆಮೇಲೆ 60 ಡಿಗ್ರಿಯ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಂಟು ಹತ್ತು ನಿಮಿಷ, ತೊಳೆದು, ಅಸಿಟೋಕಾರ್ಮಿನ್ ಬಣ್ಣ, ಕೊನೆಯ ಒಂದೆರಡು ಮಿ.ಮೀ. ಮಾತ್ರ ಸ್ಲೈಡ್ ಮೇಲೆ ಇಟ್ಟು ಕವರ್‌ಸ್ಲಿಪ್ ಮೇಲಿಂದ ಹೆಬ್ಬೆರಳಿನಲ್ಲಿ ಒತ್ತುವುದು. ಜಾರಿಸಬಾರದು, ನೇರ ಒತ್ತಬೇಕು. ಸಾವಿರ ಕೋಶ ಎಣಿಸಿ, ಅದರಲ್ಲಿ ಒಡೆಯುತ್ತಿರುವವು ಎಷ್ಟು ಅಂತ ಬರೆದುಕೊಳ್ಳಿ. ಸಾವಿರಕ್ಕೆ 80 ಇದ್ದರೆ 8 ಶೇಕಡ. ನಂಬಿಕೆಯ ನೀರಿನದ್ದರ ಜೊತೆ ಹೋಲಿಸಬೇಕು, ಒಂಟಿ ಸಂಖ್ಯೆಗೆ ಬೆಲೆಯಿಲ್ಲ. ಒಡೆಯುವ ಕೋಶಗಳೇ ಕಮ್ಮಿಯಾಗಿದ್ದರೆ ಏನೋ ಶುರುವಾಗಲೇ ಬಿಡುತ್ತಿಲ್ಲ. ಒಡೆಯುವವು ಜಾಸ್ತಿ ಕಾಣುತ್ತಿವೆ, ಆದರೆ ಎಲ್ಲವೂ ಕ್ರೋಮೋಸೋಮು ಚೆಲ್ಲಿಕೊಂಡು ನಡುವಲ್ಲೇ ನಿಂತಿವೆ, ಎರಡು ಕಡೆಗೆ ಎಳೆದುಕೊಂಡು ಹೋಗುವ ಹಂತ ಒಂದೂ ಇಲ್ಲ, ಹಾಗಿದ್ದರೆ ನೂಲು ಕೆಟ್ಟಿದೆ. ಎಣಿಕೆ ಜಾಸ್ತಿ ಬಂತು ಅಂತ ಖುಷಿಪಟ್ಟು ಮೋಸಹೋಗುವುದು ಇಲ್ಲೇ.

ಬಾಳೆಯ ಬೇರಿನಲ್ಲೇ ನೋಡಬಹುದಲ್ಲ ಅಂತ ಕೇಳಬಹುದು. ನೋಡಬಹುದು, ಜಿ-9ಗೆ 33 ಕ್ರೋಮೋಸೋಮು, ಆದರೆ ಅವು ತೀರಾ ಪುಟ್ಟವು, ಕಣ್ಣು ನೋಯುತ್ತದೆ. ಈರುಳ್ಳಿಗೆ ಬರೀ 16, ಅದೂ ನೂಡಲ್ಸಿನ ತುಂಡಿನ ಹಾಗೆ ದಪ್ಪ.

ಚಿಗುರು ಬಂತು, ಬೇರು ಬರುತ್ತಿಲ್ಲ

ಇದನ್ನು ಕೊನೆಗೆ ಇಟ್ಟದ್ದು ಯಾಕೆಂದರೆ ಇದರ ಬೀಜ ಹಿಂದಿನ ಸುತ್ತುಗಳಲ್ಲೇ ಬಿದ್ದಿರುತ್ತದೆ. ಬೇರಿನ ಮೀಡಿಯಾದಲ್ಲಿ ಬಿಎಪಿ ಇಲ್ಲ, ಐಬಿಎ (ಬೇರು ಬರಿಸುವ ಆಕ್ಸಿನ್) ಸರಿಯಾಗಿಯೇ ಹಾಕಿದ್ದೀರಿ, ಆದರೂ ಬುಡ ಬೋಳು. ಜಾಸ್ತಿ ಬಿಎಪಿ ಉಂಡ ಚಿಗುರು ಅದನ್ನು ಸಕ್ಕರೆಗೆ ಕಟ್ಟಿ ಬುಡದಲ್ಲಿ ಕೂಡಿಟ್ಟುಕೊಂಡಿರುತ್ತದೆ, ಅದು ಅಷ್ಟು ಬೇಗ ಕರಗುವುದಿಲ್ಲ, ಬೇರಿಗೆ ಅಡ್ಡ ನಿಲ್ಲುತ್ತದೆ. ಇಲ್ಲಿ ಐಬಿಎ ಏರಿಸುವುದು ಕೂಡ ಅದೇ ಹಳೇ ಚಾಳಿ. ಚಿಗುರಿನ ಬುಡದ ಕಪ್ಪಾದ ಭಾಗವನ್ನು ತೆಳುವಾಗಿ ಕೆತ್ತಿ ತೆಗೆಯಿರಿ, ಬೇರಿನ ಮೀಡಿಯಾಗೆ ಲೀಟರಿಗೆ 1 ಗ್ರಾಂ ಇದ್ದಿಲಿನ ಪುಡಿ ಹಾಕಿ. ಚಿಗುರೊಡೆಸುವಾಗ ಬೈದಿದ್ದೆನಲ್ಲ, ಅದೇ ಇದ್ದಿಲು ಇಲ್ಲಿ ನೆಂಟ, ಹೊರಬರುವ ಬಿಎಪಿಯನ್ನು ಹೀರಿಕೊಳ್ಳುತ್ತದೆ. ಪ್ರತಿ ಬ್ಯಾಚಿನಲ್ಲೂ ಇದೇ ಗೋಳಾದರೆ ಚಿಗುರಿನ ಕೊನೆಯ ಸುತ್ತಿನಲ್ಲಿ ಬಿಎಪಿ ಅರ್ಧಕ್ಕೆ ಇಳಿಸಿ, ಅಥವಾ ಮೆಟಾ-ಟೊಪೊಲಿನ್ ಅನ್ನುವ ಇನ್ನೊಂದು ಸೈಟೊಕೈನಿನ್‌ಗೆ ಬದಲಿಸಿ. ಅದು ದುಬಾರಿ, ಆದರೆ ಬುಡದಲ್ಲಿ ಹೀಗೆ ಗಂಟು ಕಟ್ಟಿಡುವುದು ಕಮ್ಮಿ. ನಾವು ದುಡ್ಡು ನೋಡಿ ಬಿಎಪಿಯಲ್ಲೇ ಇದ್ದೇವೆ. ಕೊನೆ ಸುತ್ತಿಗೆ ಲೀಟರಿಗೆ 2 ಮಿ.ಗ್ರಾಂ, ಫ್ರಿಜ್ಜಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆ.